ಸಣ್ಣ ಕೋಲ್ಡ್ ರೂಮ್ ವ್ಯಾಪಾರ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಸಣ್ಣ ಕೋಲ್ಡ್ ರೂಮ್ ಹಾಕಿ ಕೈ ಸುಟ್ಟುಕೊಂಡವರನ್ನು ವಿಚಾರಿಸಿದರೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಕಥೆ. ಮೊದಲು ಜಾಗ ನೋಡಿದರು, ಪ್ಯಾನೆಲ್‌ನವರಿಗೆ ಅಡ್ವಾನ್ಸ್ ಕೊಟ್ಟರು, ಮೆಷಿನ್ ಬಂತು, ಆಮೇಲೆ ಕರೆಂಟಿಗೆ ಅರ್ಜಿ ಹಾಕಿದರು. ಎಲ್ಲ ಮುಗಿದ ಮೇಲೆ ಸರಕು ಇಡುವವರನ್ನು ಹುಡುಕಿಕೊಂಡು ಮಂಡಿಗೆ ಹೋದರು. ಮೆಷಿನ್ ಚೆನ್ನಾಗಿಯೇ ಇರುತ್ತದೆ, ಕೆಲಸದ ಕ್ರಮ ಮಾತ್ರ ತಲೆಕೆಳಗಾಗಿರುತ್ತದೆ. ಅದಕ್ಕೇ ಇಲ್ಲಿ ಪ್ಯಾನೆಲ್ ಮತ್ತು ಕಂಪ್ರೆಸರ್ ವಿಷಯ ಆರು ಮತ್ತು ಏಳನೇ ಹಂತದಲ್ಲಿ ಬರುತ್ತದೆ. ದಯವಿಟ್ಟು ಹಾರಿ ಅಲ್ಲಿಗೆ ಹೋಗಬೇಡಿ.

ಇದು ಕೋಲಾರ, ಚಿಕ್ಕಬಳ್ಳಾಪುರ, ಹೊಸಕೋಟೆ, ದೊಡ್ಡಬಳ್ಳಾಪುರ ಸೀಮೆಯಲ್ಲಿ ತರಕಾರಿ, ಹೂವು, ಸೊಪ್ಪು ಇಟ್ಟುಕೊಂಡು ಬಾಡಿಗೆ ತೆಗೆದುಕೊಳ್ಳುವ ಹತ್ತು ಟನ್ ಅಳತೆಯ ಒಂದು ಕೋಣೆಯ ಲೆಕ್ಕ. ಬ್ಯಾಡಗಿಯ ಮೆಣಸಿನಕಾಯಿ, ವಿಜಯಪುರದ ಒಣದ್ರಾಕ್ಷಿ, ಹಾಸನದ ಆಲೂಗಡ್ಡೆ ಇಡುವ ದೊಡ್ಡ ಕೋಲ್ಡ್ ಸ್ಟೋರೇಜ್‌ಗಳ ವ್ಯಾಪಾರವೇ ಬೇರೆ. ಅಲ್ಲಿ ಸರಕು ತಿಂಗಳುಗಟ್ಟಲೆ ಅಲ್ಲಾಡುವುದಿಲ್ಲ. ನಿಮ್ಮಲ್ಲಿ ದಿನಾ ಬರುತ್ತದೆ, ದಿನಾ ಹೋಗುತ್ತದೆ. ಈ ಓಡಾಟವೇ ನಿಮ್ಮ ಮೆಷಿನ್, ಕರೆಂಟ್ ಬಿಲ್, ಕೂಲಿ ಎಲ್ಲವನ್ನೂ ತೀರ್ಮಾನಿಸುತ್ತದೆ.

## ಹಂತ 1: ಯಾವ ಸರಕು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ಒಂದು ಕೋಣೆಗೆ ಒಂದೇ ತಾಪಮಾನ. ತರಕಾರಿಗಳು ಹಾಗಲ್ಲ, ಒಂದೊಂದಕ್ಕೆ ಒಂದೊಂದು ಬೇಕು. ಸುಮಾರಾಗಿ ಮೂರು ಗುಂಪು ಮಾಡಬಹುದು.

ತುಂಬಾ ತಂಪು ಬೇಕಾದವು, 0ಯಿಂದ 2 ಡಿಗ್ರಿ: ಕ್ಯಾರೆಟ್, ಎಲೆಕೋಸು, ಹೂಕೋಸು, ಬಟಾಣಿ, ಕೊತ್ತಂಬರಿ, ದ್ರಾಕ್ಷಿ.

ನಡುವಿನವು, 6ರಿಂದ 10 ಡಿಗ್ರಿ: ಬೀನ್ಸ್, ಕ್ಯಾಪ್ಸಿಕಂ, ಹಸಿಮೆಣಸಿನಕಾಯಿ, ಬೆಂಡೆಕಾಯಿ.

ತಂಪು ಜಾಸ್ತಿಯಾದರೆ ಹಾಳಾಗುವವು, 12ರಿಂದ 14 ಡಿಗ್ರಿ: ಬಾಳೆ, ಮಾವು, ಶುಂಠಿ, ಬಲಿತ ಹಸಿರು ಟೊಮೆಟೊ.

"ಎಲ್ಲದಕ್ಕೂ 4 ಡಿಗ್ರಿ ಇಟ್ಟರಾಯ್ತು" ಅನ್ನುವುದು ಈ ವ್ಯಾಪಾರದ ಅತಿ ದುಬಾರಿ ತಪ್ಪು. 4 ಡಿಗ್ರಿಯಲ್ಲಿ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ, ಸೌತೆಕಾಯಿ ಮತ್ತು ಬದನೆಯ ಮೇಲೆ ಗುಳಿ ಬೀಳುತ್ತದೆ, ಬೀನ್ಸ್ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಏಳುತ್ತದೆ. ಮೋಸ ಏನೆಂದರೆ ಈ ಹಾನಿ ಕೋಣೆಯ ಒಳಗೆ ಅಷ್ಟಾಗಿ ಕಾಣುವುದಿಲ್ಲ. ಹೊರಗೆ ತೆಗೆದು ಒಂದು ದಿನ ಆದ ಮೇಲೆ, ವ್ಯಾಪಾರಿಯ ಅಂಗಡಿಯಲ್ಲಿ ಕಾಣುತ್ತದೆ. ಅವನು ಮತ್ತೆ ನಿಮ್ಮ ಕಡೆ ಬರುವುದಿಲ್ಲ.

ಇನ್ನೊಂದು ವಿಷಯ ಎಥಿಲೀನ್. ಹಣ್ಣಾಗುತ್ತಿರುವ ಟೊಮೆಟೊ, ಬಾಳೆ, ಮಾವು, ಪರಂಗಿ ಈ ಅನಿಲ ಬಿಡುತ್ತವೆ. ಅದೇ ಕೋಣೆಯಲ್ಲಿ ಸೊಪ್ಪು ಇದ್ದರೆ ಹಳದಿ ಆಗುತ್ತದೆ, ಕ್ಯಾರೆಟ್ ಕಹಿ ಆಗುತ್ತದೆ, ಹೂವಿನ ದಳ ಉದುರುತ್ತದೆ. ಹಾಗಾಗಿ ಹಣ್ಣು ಮತ್ತು ಹೂವು ಒಂದೇ ಕೋಣೆಯಲ್ಲಿ ಬೇಡವೇ ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಕೋಲಾರದ ಕಡೆ ಇದ್ದೀರಿ ಅನ್ನುವ ಒಂದೇ ಕಾರಣಕ್ಕೆ ಟೊಮೆಟೊ ನಂಬಿ ಕೋಣೆ ಕಟ್ಟಬೇಡಿ. ಬೆಲೆ ಬಿದ್ದಾಗ ಎಲ್ಲರೂ ಇಡಲು ಬರುತ್ತಾರೆ. ಆದರೆ ಆ ಹೊತ್ತಿಗೆ ಒಂದು ಬಾಕ್ಸಿನ ಬೆಲೆ ಎಷ್ಟು ಕೆಳಗಿಳಿದಿರುತ್ತದೆ ಅಂದರೆ ಬಾಡಿಗೆಯೇ ಭಾರವಾಗುತ್ತದೆ. ಬೆಲೆ ಏರಿದಾಗ ಯಾರೂ ಇಡುವುದಿಲ್ಲ, ಅದೇ ದಿನ ಮಾರುತ್ತಾರೆ. ಕಿಲೋಗೆ ಬೆಲೆ ಜಾಸ್ತಿ ಇರುವ, ಎರಡು ಮೂರು ದಿನ ತಡೆದರೆ ವ್ಯತ್ಯಾಸ ಸಿಗುವ ಸರಕು ನೋಡಿ. ಬೀನ್ಸ್, ಕ್ಯಾಪ್ಸಿಕಂ, ಬಟಾಣಿ, ಗುಲಾಬಿ, ಸೇವಂತಿಗೆ ಇಂಥವು. ಹೂವಿನಲ್ಲಂತೂ ಲೆಕ್ಕ ಸ್ಪಷ್ಟ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಕೇಳುವವರಿಲ್ಲ. ವರಮಹಾಲಕ್ಷ್ಮಿ, ಗಣೇಶ, ದಸರಾ, ದೀಪಾವಳಿಗೆ ಬೆಲೆ ಹಾರುತ್ತದೆ. ಹಬ್ಬಕ್ಕೆ ಮೂರು ನಾಲ್ಕು ದಿನ ಮುಂಚೆ ಕೊಂಡು ತಂಪಿನಲ್ಲಿ ಇಡುವ ಜಾಗಕ್ಕೆ ವ್ಯಾಪಾರಿಗಳು ಮುಂಗಡ ಕೊಡಲೂ ತಯಾರಿರುತ್ತಾರೆ.

## ಹಂತ 2: ಇಡುವವರನ್ನು ಹೆಸರು ಹಿಡಿದು ಬರೆದುಕೊಳ್ಳಿ

"ಇಲ್ಲಿ ತುಂಬಾ ರೈತರಿದ್ದಾರೆ" ಅನ್ನುವುದು ಲೆಕ್ಕ ಅಲ್ಲ. ಒಂದು ನೋಟ್‌ಬುಕ್ ತಗೊಳ್ಳಿ. ಸುತ್ತ ಹತ್ತು ಹದಿನೈದು ಕಿಲೋಮೀಟರ್‌ನಲ್ಲಿ ಯಾರು, ಯಾವ ಸರಕು, ವಾರಕ್ಕೆ ಎಷ್ಟು ಕ್ರೇಟ್, ಎಷ್ಟು ದಿನ, ಯಾವ ತಿಂಗಳು, ದಿನಕ್ಕೆ ಕ್ರೇಟಿಗೆ ಎಷ್ಟು ಕೊಡುತ್ತಾರೆ ಅಂತ ಬರೆಯುತ್ತಾ ಹೋಗಿ. ರೈತರ ಜೊತೆ ಮಂಡಿ ಏಜೆಂಟರು, ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳಿಗೆ ತರಕಾರಿ ಕಳಿಸುವವರು, ಹೂವಿನ ಸಗಟು ವ್ಯಾಪಾರಿಗಳು, ಕಲ್ಯಾಣ ಮಂಟಪಕ್ಕೆ ಅಡುಗೆ ಮಾಡುವ ಕೇಟರಿಂಗ್‌ನವರು, ರೈತ ಉತ್ಪಾದಕ ಕಂಪನಿಗಳು, ಇವರನ್ನೆಲ್ಲ ಮಾತಾಡಿಸಿ.

"ಹೂಂ, ಇಡ್ತೀವಿ ಸ್ವಾಮಿ" ಅನ್ನುವುದು ಬೇರೆ, ಒಂದು ತಿಂಗಳ ಬಾಡಿಗೆ ಮುಂಗಡ ಕೊಡುವುದು ಬೇರೆ. ನಿಮ್ಮ ಕೋಣೆಯ ಅರ್ಧದಷ್ಟಾದರೂ ಜಾಗಕ್ಕೆ ಚಿಕ್ಕದೋ ದೊಡ್ಡದೋ ಮುಂಗಡ ಸಿಕ್ಕಿದರೆ ಮುಂದಿನ ಹಂತಕ್ಕೆ ಹೋಗಿ. ಸಿಗಲಿಲ್ಲ ಅಂದರೆ ಇಲ್ಲೇ ನಿಲ್ಲಿ. ಇಲ್ಲಿ ನಿಂತರೆ ಖರ್ಚಾಗಿರುವುದು ಪೆಟ್ರೋಲ್ ಮಾತ್ರ.

## ಹಂತ 3: ಎಷ್ಟು ಹಿಡಿಯುತ್ತದೆ, ದಿನಕ್ಕೆ ಎಷ್ಟು ತುಂಬಬಹುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಸರ್ಕಾರಿ ಯೋಜನೆಗಳ ಅಳತೆಯಲ್ಲಿ ಒಂದು ಟನ್ ಅಂದರೆ 3.4 ಘನ ಮೀಟರ್, ಅಂದರೆ ಸುಮಾರು 120 ಘನ ಅಡಿ ಜಾಗ. ಹಾಗಾಗಿ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯನ್ನು ಹತ್ತು ಟನ್ ಅಂತ ಮಾರುತ್ತಾರೆ. ಅದರಲ್ಲಿ ಹತ್ತು ಟನ್ ಬೀನ್ಸ್ ಹಿಡಿಯುತ್ತಾ? ಹಿಡಿಯುವುದಿಲ್ಲ. ನೀವೇ ಲೆಕ್ಕ ಹಾಕಿ. ಸಾಮಾನ್ಯ ತರಕಾರಿ ಕ್ರೇಟ್ 54 ಸೆಂಟಿಮೀಟರ್ ಉದ್ದ, 36 ಅಗಲ, ಸುಮಾರು 29 ಎತ್ತರ. ನಡುವೆ ಓಡಾಡಲು ದಾರಿ ಬೇಕು, ಗೋಡೆಯಿಂದ ಅಂಗೈಯಗಲ ದೂರ ಬಿಡಬೇಕು, ಮೇಲೆ ಗಾಳಿ ಸುತ್ತಲು ಜಾಗ ಬೇಕು. ಇಷ್ಟೆಲ್ಲ ಬಿಟ್ಟರೆ ನೆಲದಲ್ಲಿ 34 ಕಡೆ ಕ್ರೇಟ್ ಪೇರಿಸಬಹುದು, ಒಂದೊಂದು ಕಡೆ ಒಂದರ ಮೇಲೊಂದು 7 ಕ್ರೇಟ್. ಒಟ್ಟು 240 ಹತ್ತಿರ. ಕ್ರೇಟಿಗೆ 20 ಕಿಲೋ ಹಿಡಿದರೂ ಐದು ಟನ್ ಒಳಗೇ. ನಿಮ್ಮ ಆದಾಯದ ಲೆಕ್ಕವನ್ನು ಈ 240ರ ಮೇಲೆ ಮಾಡಿ. ಕಾಗದದ ಹತ್ತು ಟನ್ ಮೇಲೆ ಮಾಡಿದರೆ ಮೊದಲ ದಿನವೇ ಅರ್ಧ ಆದಾಯ ಹೋಯಿತು.

ಈಗ ತಂಪಿನ ಲೆಕ್ಕ. ಒಂದು ಟನ್ ಬೀನ್ಸ್ 30 ಡಿಗ್ರಿ ಬಿಸಿಯಲ್ಲಿ ಬರುತ್ತದೆ ಅನ್ನಿ. ಅದನ್ನು 8 ಡಿಗ್ರಿಗೆ ಇಳಿಸಬೇಕು. ಒಂದು ಕಿಲೋ ತರಕಾರಿಯನ್ನು ಒಂದು ಡಿಗ್ರಿ ಇಳಿಸಲು ಸುಮಾರು 3.9 ಕಿಲೋಜೂಲ್ ಶಾಖ ತೆಗೆಯಬೇಕು. 1000 ಗುಣಿಸು 3.9 ಗುಣಿಸು 22, ಅಂದರೆ 85,800 ಕಿಲೋಜೂಲ್. ಇದನ್ನು ಎಂಟು ಗಂಟೆಯಲ್ಲಿ ಮುಗಿಸಲು ಸುಮಾರು 3 ಕಿಲೋವ್ಯಾಟ್ ತಂಪು ಬೇಕು. ಒಂದು ಟನ್ ರೆಫ್ರಿಜರೇಶನ್ (ಇದು ತೂಕದ ಟನ್ ಅಲ್ಲ, ಮೆಷಿನ್‌ನ ತಂಪಿನ ಅಳತೆ) ಅಂದರೆ 3.5 ಕಿಲೋವ್ಯಾಟ್ ತಂಪು. ಹಾಗಾಗಿ ಬರೀ ಒಂದು ಟನ್ ಬೀನ್ಸಿಗೇ ಹತ್ತಿರ ಹತ್ತಿರ 0.85 ಟನ್ ಮೆಷಿನ್ ಬೇಕು.

ಇದಕ್ಕೆ ಹೋಲಿಸಿದರೆ ಗೋಡೆಯಿಂದ ಒಳಗೆ ಬರುವ ಶಾಖ ಬಹಳ ಕಡಿಮೆ. ಹೊರಗೆ 35, ಒಳಗೆ 5 ಡಿಗ್ರಿ ಇದ್ದು 100 ಮಿಲಿಮೀಟರ್ ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಗೋಡೆ ಹಲಗೆ) ಹಾಕಿದ್ದರೆ, ಈ ಅಳತೆಯ ಇಡೀ ಕೋಣೆಗೆ ಅರ್ಧ ಕಿಲೋವ್ಯಾಟ್ ಕೂಡ ಆಗುವುದಿಲ್ಲ. ಅದಕ್ಕೇ "ಕೋಣೆ ಎಷ್ಟು ದೊಡ್ಡದು" ಅಂತ ಮಾತ್ರ ಕೇಳಿ ಮೆಷಿನ್ ಕೊಡುವ ಸಪ್ಲೈಯರ್‌ನನ್ನು ನಂಬಬೇಡಿ. "ದಿನಕ್ಕೆ ಎಷ್ಟು ಕಿಲೋ, ಎಷ್ಟು ಬಿಸಿಯಲ್ಲಿ ಬರುತ್ತೆ, ಎಷ್ಟು ಗಂಟೆಯಲ್ಲಿ ಇಳಿಯಬೇಕು" ಅಂತ ಕೇಳುವವನು ಕೆಲಸ ಬಲ್ಲವನು.

ದಿನಕ್ಕೆ ಒಂದೂವರೆ ಟನ್ ಹೊಸ ಸರಕು, ಹನ್ನೆರಡು ಗಂಟೆಯಲ್ಲಿ ತಂಪು ಅಂತ ಹಿಡಿದು, ಗೋಡೆ, ಬಾಗಿಲು, ಫ್ಯಾನ್, ಒಳಗೆ ಕೆಲಸ ಮಾಡುವ ಜನ, ತರಕಾರಿ ತಾನೇ ಉಸಿರಾಡಿ ಬಿಡುವ ಶಾಖ, ಸ್ವಲ್ಪ ಹೆಚ್ಚುವರಿ ಎಲ್ಲ ಸೇರಿಸಿದರೆ 1.5 ಟನ್ ರೆಫ್ರಿಜರೇಶನ್ ಹತ್ತಿರ ಬರುತ್ತದೆ. ಅದೇ ಕೋಣೆಗೆ ಒಂದೇ ಸಂಜೆ ಮೂರು ಟನ್ ತುಂಬಿದರೆ ಏನಾಗುತ್ತೆ? ಬೆಳಗಿನವರೆಗೂ ಮೆಷಿನ್ ನಿಲ್ಲುವುದಿಲ್ಲ, ಆದರೂ ನಡುವಿನ ಕ್ರೇಟ್ ಬಿಸಿಯಾಗಿಯೇ ಇರುತ್ತದೆ. ಮೊದಲೇ ತಂಪಾಗಿ ಕೂತಿದ್ದ ಹಳೇ ಸರಕೂ ಬೆವರುತ್ತದೆ.

ಇದಕ್ಕೆ ಪುಕ್ಕಟೆ ಪರಿಹಾರ ಒಂದಿದೆ. ಬೆಳಿಗ್ಗೆ ಬೇಗ ಕೊಯ್ದು ನೆರಳಿನಲ್ಲಿಟ್ಟು ತನ್ನಿ ಅಂತ ರೈತರಿಗೆ ಹೇಳಿ. 30ರ ಬದಲು 22 ಡಿಗ್ರಿಯಲ್ಲಿ ಬಂದರೆ ಇಳಿಸಬೇಕಾದದ್ದು 14 ಡಿಗ್ರಿ ಮಾತ್ರ. ಸರಕಿನ ಹೊರೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿಯುತ್ತದೆ. ಬೆಳಿಗ್ಗೆ ತಂದವರಿಗೆ ಬಾಡಿಗೆಯಲ್ಲಿ ಒಂದು ರೂಪಾಯಿ ಕಡಿಮೆ ಮಾಡಿದರೂ ನಷ್ಟವಿಲ್ಲ.

## ಹಂತ 4: ಅರ್ಧ ಖಾಲಿ ಇದ್ದರೆ ಏನಾಗುತ್ತದೆ, ಅದನ್ನು ಮೊದಲು ನೋಡಿ

ಬರೀ ಉದಾಹರಣೆಗೆ ಕೆಲವು ಅಂಕಿ ಹಿಡಿಯೋಣ. ನಿಮ್ಮ ಊರಿನ ಅಂಕಿ ನೀವು ಹಾಕಿಕೊಳ್ಳಿ. ಕ್ರೇಟಿಗೆ ದಿನಕ್ಕೆ 8 ರೂಪಾಯಿ ಬಾಡಿಗೆ. ಸರಾಸರಿ 120 ಕ್ರೇಟ್ ತುಂಬಿದರೆ ತಿಂಗಳಿಗೆ 28,800.

ಖರ್ಚು ನೋಡಿ. ಮೇಲೆ ಹೇಳಿದ ಹೊರೆಗೆ ದಿನಕ್ಕೆ 30ರಿಂದ 35 ಯೂನಿಟ್ ಕರೆಂಟ್, ಯೂನಿಟ್‌ಗೆ 8 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 8,000. ಒಬ್ಬ ಆಳಿಗೆ 12,000. ಆರು ಲಕ್ಷ ಸಾಲವನ್ನು 11% ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ಕಂತು ಸುಮಾರು 13,050. ರಿಪೇರಿಗೆ ಅಂತ 2,000 ಎತ್ತಿಡಿ. ಒಟ್ಟು 35,000 ದಾಟಿತು. ಅಂದರೆ ಅರ್ಧ ತುಂಬಿದರೆ ತಿಂಗಳಿಗೆ ಆರು ಸಾವಿರದಷ್ಟು ಕೈಯಿಂದ ಹೋಗುತ್ತದೆ. ವರ್ಷದ ಸರಾಸರಿ ಸುಮಾರು 61% ತುಂಬಿದರೆ ಮಾತ್ರ ಸಮ. ನಿಮ್ಮ ಸಂಬಳ ಇದರಲ್ಲಿ ಇನ್ನೂ ಸೇರಿಲ್ಲ.

ವರ್ಷದ ಸರಾಸರಿ ಅನ್ನುವುದನ್ನು ಗಮನಿಸಿ. ಸೀಸನ್‌ನಲ್ಲಿ ತುಂಬಿ ತುಳುಕಿದರೂ, ಎರಡು ತಿಂಗಳು ಖಾಲಿ ಬಿದ್ದರೆ ಸರಾಸರಿ ಕುಸಿಯುತ್ತದೆ. ಅದಕ್ಕೇ ಬಾಡಿಗೆಯೊಂದನ್ನೇ ನಂಬದೆ ಇನ್ನೊಂದು ಕಾಲು ಊರಿಕೊಳ್ಳಿ: ಖಾಲಿ ಜಾಗದಲ್ಲಿ ನೀವೇ ಸರಕು ಕೊಂಡು ಮಾರುವುದು, ವಿಂಗಡಿಸಿ ಪ್ಯಾಕ್ ಮಾಡಿಕೊಡುವುದು, ಕ್ರೇಟ್ ಬಾಡಿಗೆ ಇತ್ಯಾದಿ.

## ಹಂತ 5: ಕರೆಂಟು, ಜಾಗ, ಕಾಗದ, ಸಾಲ

ಕರೆಂಟು. ತೋಟದ ಪಂಪ್‌ಸೆಟ್ ಲೈನಿನಿಂದ ಕೋಲ್ಡ್ ರೂಮ್ ಓಡಿಸುವ ಯೋಚನೆ ಬಿಟ್ಟುಬಿಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಕೊಡುವ ಉಚಿತ ವಿದ್ಯುತ್ ನೀರೆತ್ತಲು ಮಾತ್ರ. ಬೇರೆ ವ್ಯಾಪಾರಕ್ಕೆ ಬಳಸಿದರೆ ದಂಡ ಬೀಳುತ್ತದೆ. ಅದೂ ಅಲ್ಲದೆ ಆ ಲೈನಿನಲ್ಲಿ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ ಇರುತ್ತದೆ. ನಿರಂತರ ಜ್ಯೋತಿ ಫೀಡರ್ (ಪಂಪ್‌ಸೆಟ್‌ನಿಂದ ಬೇರ್ಪಡಿಸಿ ಹಳ್ಳಿಗೆ ಎಳೆದ ಕರೆಂಟ್ ಲೈನ್) ಅಥವಾ ಪೇಟೆಯ ಫೀಡರ್ ಹಾದುಹೋಗುವ ಜಾಗವೇ ಬೇಕು. ಬೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಮೂರು ಪ್ರಶ್ನೆ ಕೇಳಿ: ಯಾವ ಫೀಡರ್, ಟ್ರಾನ್ಸ್‌ಫಾರ್ಮರ್‌ನಲ್ಲಿ ಜಾಗ ಇದೆಯಾ, ಯಾವ ದರಪಟ್ಟಿಗೆ ಹಾಕುತ್ತೀರಿ. ಮೂರನೆಯದಕ್ಕೆ ಬರಹದಲ್ಲೇ ಉತ್ತರ ತಗೊಳ್ಳಿ. ವಾಣಿಜ್ಯ ದರ, ಕೈಗಾರಿಕೆ ದರ ಇವೆರಡರ ವ್ಯತ್ಯಾಸ ಪ್ರತಿ ತಿಂಗಳೂ ಬಿಲ್‌ನಲ್ಲಿ ಕಾಣುತ್ತದೆ. ಈ ಉತ್ತರ ಕೈಗೆ ಬರುವ ತನಕ ಜಾಗಕ್ಕೆ ಅಡ್ವಾನ್ಸ್ ಕೊಡಬೇಡಿ.

ಜಾಗ. ಮಳೆಗಾಲದಲ್ಲೂ ಟೆಂಪೋ ಬಾಗಿಲ ತನಕ ಬರಬೇಕು. ಕಂಡೆನ್ಸರ್‌ಗೆ (ಶಾಖ ಹೊರಹಾಕುವ ಮೆಷಿನ್ನಿನ ಹೊರಭಾಗಕ್ಕೆ) ಗಾಳಿ ಆಡಬೇಕು, ಮಧ್ಯಾಹ್ನದ ಬಿಸಿಲು ಬೀಳಬಾರದು. ಕೋಣೆಯ ಮುಂದೆ ಕನಿಷ್ಠ ಕೋಣೆಯಷ್ಟೇ ದೊಡ್ಡ ನೆರಳಿನ ಚಾವಡಿ ಇರಲಿ. ಇದನ್ನು ಹಣ ಉಳಿಸಲು ಬಿಟ್ಟವರು ಬಾಗಿಲು ತೆರೆದಿಟ್ಟುಕೊಂಡೇ ಕ್ರೇಟ್ ತೂಗುತ್ತಾರೆ, ತಂಪೆಲ್ಲ ಬೀದಿಗೆ ಹೋಗುತ್ತದೆ.

ಕಾಗದ. ಕೃಷಿ ಜಮೀನಾದರೆ ಭೂಪರಿವರ್ತನೆ ಬೇಕಾ ಅಂತ ತಾಲ್ಲೂಕು ಕಚೇರಿಯಲ್ಲಿ ಮೊದಲೇ ಕೇಳಿ. ಪಂಚಾಯಿತಿ ಅಥವಾ ಪುರಸಭೆ ಲೈಸೆನ್ಸ್, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ್ದು), ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಲೈಸೆನ್ಸ್ ಬೇಕು. ತಾಜಾ ಕೃಷಿ ಉತ್ಪನ್ನ ಇಡುವ ಬಾಡಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಐಸ್‌ಕ್ರೀಂ, ಚೀಸ್‌ನಂಥ ತಯಾರಿಸಿದ ಸರಕಿಗೆ ಆ ವಿನಾಯಿತಿ ಇಲ್ಲ. ಎರಡೂ ಇಡುವುದಾದರೆ ಶುರುವಿನಲ್ಲೇ ಆಡಿಟರ್ ಹತ್ತಿರ ಕೂತು ಬಿಲ್ ಪುಸ್ತಕ ಬೇರೆ ಮಾಡಿಕೊಳ್ಳಿ.

ಸಾಲ ಮತ್ತು ಸಬ್ಸಿಡಿ. ಕೋಲ್ಡ್ ಸ್ಟೋರೇಜ್‌ಗೆ ತೋಟಗಾರಿಕೆ ಮಿಷನ್ ಸಬ್ಸಿಡಿ ಬ್ಯಾಂಕ್ ಸಾಲದ ಜೊತೆ ಬೆಸೆದುಕೊಂಡಿರುತ್ತದೆ, ಹಣ ಕೊನೆಯಲ್ಲಿ ಬರುತ್ತದೆ. ಅಂದರೆ ಮೊದಲು ಅರ್ಜಿ, ಸಾಲ ಮಂಜೂರಾತಿ, ಆಮೇಲೆ ಕೆಲಸ. ಪ್ಯಾನೆಲ್ ನಿಲ್ಲಿಸಿದ ಮೇಲೆ ಇಲಾಖೆಗೆ ಹೋದರೆ ಅರ್ಜಿ ಅಲ್ಲೇ ಬೀಳುತ್ತದೆ. ಶೇಕಡಾವಾರು ಲೆಕ್ಕ ಕೂಡ ಸರ್ಕಾರ ಗೊತ್ತು ಮಾಡಿದ ದರದ ಮೇಲೆ, ನಿಮ್ಮ ಬಿಲ್ ಮೇಲೆ ಅಲ್ಲ. 2020ರಲ್ಲಿ ಶುರುವಾದ ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿವರೆಗಿನ ಸಾಲಕ್ಕೆ 7 ವರ್ಷದ ತನಕ 3% ಬಡ್ಡಿ ರಿಯಾಯಿತಿ ಇಟ್ಟಿದ್ದರು. ಈಗ ಹೊಸ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಬ್ಯಾಂಕಿನಲ್ಲಿ ವಿಚಾರಿಸಿ. ಸಬ್ಸಿಡಿ ಬರದಿದ್ದರೂ ನಾಲ್ಕನೇ ಹಂತದ ಲೆಕ್ಕ ನಿಲ್ಲಬೇಕು. ಸಬ್ಸಿಡಿ ಬಂದರೆ ಮಾತ್ರ ಲಾಭ ಅನ್ನುವ ವ್ಯಾಪಾರ ಬೇಡ.

## ಹಂತ 6: ಕೋಣೆ

ಪಫ್ ಪ್ಯಾನೆಲ್ ಸಾಂದ್ರತೆ ಘನ ಮೀಟರ್‌ಗೆ 40 ಕಿಲೋ ಆಸುಪಾಸು ಇರಲಿ. ತರಕಾರಿ, ಹೂವಿಗೆ 80 ಮಿಲಿಮೀಟರ್ ನಡೆಯುತ್ತದೆ, 100 ಒಳ್ಳೆಯದು. ಕತ್ತರಿಸಿದ ತುಂಡು ಕೇಳಿ ತೂಗಿ ನೋಡಿ. ತಗಡಿನಿಂದ ಫೋಮ್ ಸುಲಭವಾಗಿ ಬಿಟ್ಟುಕೊಳ್ಳುತ್ತಾ ನೋಡಿ. ಕ್ಯಾಮ್‌ಲಾಕ್ (ತಿರುಗಿಸಿ ಬಿಗಿಯುವ ಕೊಂಡಿ) ಇರುವ ಪ್ಯಾನೆಲ್ ತಗೊಂಡರೆ ನಾಳೆ ಜಾಗ ಬದಲಿಸಬೇಕಾದರೂ ಬಿಚ್ಚಿಕೊಂಡು ಹೋಗಬಹುದು. ಬಾಡಿಗೆ ಜಾಗದಲ್ಲಿ ಶುರು ಮಾಡುವವರಿಗೆ ಇದು ದೊಡ್ಡ ಅನುಕೂಲ.

ನೆಲಕ್ಕೆ ಇನ್ಸುಲೇಶನ್ ಬಿಡಬೇಡಿ. "ನೆಲ ತಣ್ಣಗೇ ಇರುತ್ತಲ್ವಾ" ಅಂತ ಹಣ ಉಳಿಸುವವರಿದ್ದಾರೆ. ನಮ್ಮ ನೆಲದ ಮಣ್ಣು ವರ್ಷವಿಡೀ 5 ಡಿಗ್ರಿಗಿಂತ ಎಷ್ಟೋ ಬೆಚ್ಚಗಿರುತ್ತದೆ. ನೀರು ಬಾಗಿಲ ಕಡೆ ಹರಿಯುವಂತೆ ಇಳಿಜಾರು ಕೊಡಿ. ಪ್ಯಾನೆಲ್ ಬುಡಕ್ಕೆ ಲೋಹದ ಪಟ್ಟಿ ಸುತ್ತಿಸಿ, ಇಲಿ ಫೋಮ್ ಕೊರೆದು ಗೂಡು ಮಾಡುತ್ತದೆ.

ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಹಾಕಿಸಿ. ಒಳಗಿನಿಂದ ತೆರೆಯುವ ಹಿಡಿಕೆ ಇಲ್ಲದ ಬಾಗಿಲನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಹೊರಗಿನಿಂದ ಬೀಗ ಹಾಕಿದ್ದರೂ ಒಳಗಿನವರು ತೆರೆದುಕೊಂಡು ಬರುವಂತಿರಬೇಕು. ಒಳಗೊಂದು ಬೆಲ್ ಸ್ವಿಚ್ ಇರಲಿ. ಇದು ಜೀವದ ವಿಷಯ.

ಬಂದರಿನ ಕಡೆಯಿಂದ ಹಳೇ ರೀಫರ್ ಕಂಟೇನರ್ (ಹಡಗಿನಲ್ಲಿ ತಂಪು ಸರಕು ಸಾಗಿಸುವ ದೊಡ್ಡ ಪೆಟ್ಟಿಗೆ) ಅಗ್ಗಕ್ಕೆ ಸಿಗುತ್ತದೆ ಅಂತ ಕೆಲವರು ತರುತ್ತಾರೆ. ಅದರ ಮೆಷಿನ್ ಮಾಡಿರುವುದು ಮೊದಲೇ ತಂಪಾದ ಸರಕನ್ನು ಹಾಗೇ ಕಾಪಾಡಲು. ದಿನಾ ಬಿಸಿ ಸರಕು ತುಂಬುವ ನಿಮ್ಮ ಕೆಲಸಕ್ಕೆ ಅದು ಸರಿಹೋಗುವುದಿಲ್ಲ.

## ಹಂತ 7: ಮೆಷಿನ್ ಮತ್ತು ಬ್ಯಾಕಪ್

ಕೊಟೇಶನ್‌ನಲ್ಲಿ "3 ಎಚ್‌ಪಿ ಯೂನಿಟ್" ಅಂತ ಮಾತ್ರ ಬರೆದಿದ್ದರೆ ವಾಪಸ್ ಕಳಿಸಿ. ಹೊರಗೆ 40 ಡಿಗ್ರಿ ಇರುವಾಗ, ನಿಮ್ಮ ಕೋಣೆಯ ತಾಪಮಾನದಲ್ಲಿ, ಎಷ್ಟು ಕಿಲೋವ್ಯಾಟ್ ತಂಪು ಕೊಡುತ್ತದೆ ಅಂತ ಬರೆದುಕೊಡಲಿ. ಯಾವ ಗ್ಯಾಸ್ ಅಂತಲೂ ಇರಲಿ. ಆರ್-22 ಹಂತ ಹಂತವಾಗಿ ಹೋಗುತ್ತಿರುವ ಗ್ಯಾಸ್, ಹೊಸದಾಗಿ ಅದಕ್ಕೆ ಹಣ ಹಾಕಬೇಡಿ. ಸರ್ವಿಸ್ ಮಾಡುವವನು ಎಷ್ಟು ದೂರದಲ್ಲಿದ್ದಾನೆ ಅನ್ನುವುದು ಬ್ರ್ಯಾಂಡ್‌ಗಿಂತ ಮುಖ್ಯ. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಬೆಳಗಿನ ಒಳಗೆ ಬರುವವನಿರಬೇಕು.

ಕೋಣೆಯೊಳಗೆ ಗಾಳಿ ತಂಪು ಮಾಡುವ ಕಾಯಿಲ್ ಸ್ವಲ್ಪ ದೊಡ್ಡದೇ ಇರಲಿ. ಕಾಯಿಲ್ ಚಿಕ್ಕದಾದಷ್ಟೂ ಅದು ಜಾಸ್ತಿ ತಣ್ಣಗಾಗಿ ಗಾಳಿಯ ತೇವವನ್ನೆಲ್ಲ ಹೀರುತ್ತದೆ. ತರಕಾರಿಗೆ 85ರಿಂದ 95% ತೇವ ಬೇಕು. ತೇವ ಕಡಿಮೆಯಾದರೆ ಬೀನ್ಸ್ ಬಾಡುತ್ತದೆ, ತೂಕ ಇಳಿಯುತ್ತದೆ, ವ್ಯಾಪಾರಿ ನಿಮ್ಮ ತಕ್ಕಡಿಯನ್ನೇ ಅನುಮಾನಿಸುತ್ತಾನೆ.

ವೋಲ್ಟೇಜ್ ಮತ್ತು ಫೇಸ್ ರಕ್ಷಣೆಯ ರಿಲೇ, ಕರೆಂಟ್ ಬಂದ ಮೇಲೆ ಮೂರ್ನಾಲ್ಕು ನಿಮಿಷ ಕಾಯ್ದು ಶುರುವಾಗುವ ಟೈಮರ್, ಸರಿಯಾದ ಅರ್ಥಿಂಗ್, ಈ ಮೂರಿಲ್ಲದೆ ಸ್ವಿಚ್ ಒತ್ತಬೇಡಿ. ಹಳ್ಳಿ ಕಡೆ ಕಂಪ್ರೆಸರ್ ಸುಡುವುದು ಒಂದು ಫೇಸ್ ಹೋದಾಗ. ಜನರೇಟರ್ ಕೊಳ್ಳುವಾಗ ಮೋಟರ್ ಶುರುವಾಗುವ ಕ್ಷಣದ ಕರೆಂಟ್ ಓಡುವ ಕರೆಂಟಿನ ಐದಾರು ಪಟ್ಟು ಇರುತ್ತದೆ ಅನ್ನುವುದು ನೆನಪಿರಲಿ. ಕೋಣೆ ತುಂಬಿದ್ದು ಬಾಗಿಲು ಮುಚ್ಚಿದ್ದರೆ ಒಂದೆರಡು ಗಂಟೆ ಕರೆಂಟ್ ಹೋದರೂ ಭಯವಿಲ್ಲ. ಹೊಸ ಬಿಸಿ ಸರಕು ಈಗಷ್ಟೇ ಒಳಗೆ ಹೋಗಿದ್ದರೆ ಮಾತ್ರ ಕೂಡಲೇ ಜನರೇಟರ್ ಹಾಕಿ.

## ಹಂತ 8: ಖಾಲಿ ಕೋಣೆಯ ಪರೀಕ್ಷೆ

ಸಪ್ಲೈಯರ್‌ಗೆ ಕೊನೆಯ ಕಂತು ಕೊಡುವ ಮೊದಲು ಎರಡು ದಿನ ಖಾಲಿ ಓಡಿಸಿ. ಇದಕ್ಕೆ ಬೇಕಾದ್ದು ಒಂದು ಚುಚ್ಚುವ ಥರ್ಮಾಮೀಟರ್, ತಾಪಮಾನ ತಾನೇ ಬರೆದುಕೊಳ್ಳುವ ಲಾಗರ್, ಟಾರ್ಚ್, ಹತ್ತು ರೂಪಾಯಿಯ ನೋಟು.

ಮೊದಲು ಥರ್ಮಾಮೀಟರ್ ಸರಿ ಇದೆಯಾ ನೋಡಿ. ಲೋಟದ ತುಂಬ ಪುಡಿ ಐಸ್, ಸ್ವಲ್ಪ ನೀರು ಹಾಕಿ ಕಲಕಿ ಮೊನೆ ಇಳಿಸಿ. 0 ತೋರಿಸಬೇಕು. ಆಮೇಲೆ ನೋಟನ್ನು ಬಾಗಿಲ ಗ್ಯಾಸ್ಕೆಟ್‌ಗೆ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ, ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ನಾಲ್ಕೂ ಅಂಚಿನಲ್ಲಿ, ಮುಖ್ಯವಾಗಿ ಕೆಳಗಿನ ಎರಡು ಮೂಲೆಯಲ್ಲಿ ಮಾಡಿ. ಲೈಟ್ ಆರಿಸಿ ಒಬ್ಬರು ಒಳಗೆ ನಿಂತು, ಹೊರಗಿನಿಂದ ಇನ್ನೊಬ್ಬರು ಟಾರ್ಚ್ ಬಿಡಲಿ. ಬೆಳಕು ಕಂಡಲ್ಲೆಲ್ಲ ಸೀಲ್ ಆಗಿಲ್ಲ. ಬೆಳಿಗ್ಗೆ ಹೊರಗೋಡೆಯ ಕೂಡಿಕೆ ಮೇಲೆ ಕೈ ಆಡಿಸಿ, ಬೆವರಿದ್ದರೆ ಗುರುತು ಹಾಕಿ ತೋರಿಸಿ.

ಆಮೇಲೆ ಅರ್ಧ ಟನ್ ಸ್ವಂತ ಸರಕು ಹಾಕಿ ನೋಡಿ. ಗೋಡೆಯ ಡಿಸ್‌ಪ್ಲೇ ಗಾಳಿಯ ತಾಪಮಾನ ತೋರಿಸುತ್ತದೆ, ಸರಕಿನದ್ದಲ್ಲ. ನಡುವಿನ ಕ್ರೇಟಿನ ಒಳಗೆ ಕೈಹಾಕಿ ಕ್ಯಾಪ್ಸಿಕಂ ಒಂದನ್ನು ಚುಚ್ಚಿ ನೋಡಿದ ಅಂಕಿಯೇ ನಿಜವಾದದ್ದು.

## ಹಂತ 9: ಸರಕು ಒಳಗೆ ತೆಗೆದುಕೊಳ್ಳುವ ಪದ್ಧತಿ

ಬೇರೆಯವರ ಸರಕು ಇಟ್ಟುಕೊಂಡ ಮೇಲೆ, ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು ಅಂತ 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಂ ಹೇಳುತ್ತದೆ. ಹಾಗಾಗಿ ಬಾಯಿಮಾತಿನ ವ್ಯವಹಾರ ಬೇಡ, ಅದು ಚಿಕ್ಕಪ್ಪನ ಮಗನಾದರೂ ಸರಿ.

ರಸೀದಿಯಲ್ಲಿ ಇಷ್ಟಿರಲಿ: ಹೆಸರು, ದಿನ, ಗಂಟೆ, ಕ್ರೇಟ್ ಸಂಖ್ಯೆ, ತೂಕ, ಒಳಗೆ ಬಂದಾಗಿನ ತಾಪಮಾನ, ಕಂಡ ದೋಷ, ಎಷ್ಟು ದಿನದ ತನಕ, ಎಷ್ಟು ತೂಕ ಇಳಿಯುವುದನ್ನು ಇಬ್ಬರೂ ಒಪ್ಪಿದ್ದೀರಿ. ಪ್ರತಿ ಲಾಟಿನ ಫೋಟೋ ತೆಗೆದು ಅದೇ ಹೊತ್ತಿಗೆ ಅವರಿಗೆ ವಾಟ್ಸಾಪ್ ಮಾಡಿ. ಮುಂದೆ ಬರುವ ಜಗಳಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತದೆ.

ಕೊಳೆತದ್ದು, ಮಳೆಗೆ ನೆಂದದ್ದು, ಗೋಣಿಚೀಲದಲ್ಲಿ ಒತ್ತಿ ತುಂಬಿದ್ದು ಬೇಡ ಅನ್ನಿ. ಹೇಳಲು ಕಷ್ಟವಾಗುತ್ತದೆ, ಆದರೂ ಹೇಳಿ. ತಂಪು ಕೊಳೆಯುವುದನ್ನು ನಿಧಾನ ಮಾಡುತ್ತದೆ, ಕೊಳೆತದ್ದನ್ನು ಸರಿ ಮಾಡುವುದಿಲ್ಲ, ಪಕ್ಕದ ಕ್ರೇಟಿಗೆ ಹಬ್ಬುವುದು ನಿಲ್ಲುವುದೂ ಇಲ್ಲ.

ಕ್ರೇಟುಗಳನ್ನು ಪ್ಯಾಲೆಟ್ ಮೇಲೆ ಜೋಡಿಸಿ. ಕಾಯಿಲ್‌ನ ಗಾಳಿಗೆ ಅಡ್ಡ ಬರಬಾರದು. ಮೊದಲು ಬಂದದ್ದು ಮೊದಲು ಹೊರಗೆ. ಬಾಗಿಲು ತೆರೆಯುವ ಹೊತ್ತು ಗೊತ್ತು ಮಾಡಿ ಬೋರ್ಡ್ ಹಾಕಿ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸಾಕು.

ವಿಮೆ ಮಾಡಿಸುವಾಗ ಯಂತ್ರ ಕೆಡುವುದಕ್ಕೆ ಒಂದು, ಅದರಿಂದ ಸರಕು ಹಾಳಾಗುವುದಕ್ಕೆ ಇನ್ನೊಂದು ಅಂತ ಬೇರೆ ಬೇರೆ ಪಾಲಿಸಿ ಇರುತ್ತವೆ. ಸಾಮಾನ್ಯ ಬೆಂಕಿ ವಿಮೆ ಇದೆ ಅಂತ ಸುಮ್ನೆ ಕೂರಬೇಡಿ. ಬೇರೆಯವರ ಸರಕಿಗೂ ಅನ್ವಯಿಸುತ್ತದೆ ಅಂತ ಪಾಲಿಸಿಯಲ್ಲೇ ಬರೆದಿರಬೇಕು.

## ಹಂತ 10: ದಿನನಿತ್ಯ ನೋಡಬೇಕಾದ ಅಪಾಯದ ಸೂಚನೆ

ಮೆಷಿನ್ ನಿಲ್ಲದೇ ಓಡುತ್ತಿದ್ದರೆ ಮೊದಲು ಬಾಗಿಲು, ಆಮೇಲೆ ಕಂಡೆನ್ಸರ್ ನೋಡಿ. ನಮ್ಮ ಕಡೆಯ ಕೆಂಪು ಧೂಳು ಹದಿನೈದು ದಿನದಲ್ಲಿ ಅದರ ರೆಕ್ಕೆಗಳನ್ನು ಮುಚ್ಚಿಬಿಡುತ್ತದೆ. ಮೆತ್ತನೆ ಬ್ರಷ್, ನೀರು ಸಾಕು.

ಕಾಯಿಲ್ ಮೇಲೆ ಬಿಳಿ ಮಂಜು ಗಟ್ಟಿ ಐಸ್ ಆಗಿದ್ದರೆ ಡಿಫ್ರಾಸ್ಟ್ (ಮೆಷಿನ್ ತಾನೇ ಐಸ್ ಕರಗಿಸುವುದು) ಸರಿಯಾಗಿ ಆಗುತ್ತಿಲ್ಲ. ಚೂಪಾದ ವಸ್ತುವಿನಿಂದ ಕೆರೆಯಬೇಡಿ, ಕಾಯಿಲ್ ತೂತಾದರೆ ಗ್ಯಾಸ್ ಪೂರ್ತಿ ಹೋಗುತ್ತದೆ. ನೆಲದಲ್ಲಿ ನೀರು ನಿಂತಿದ್ದರೆ ಡ್ರೈನ್ ಪೈಪ್ ಕಟ್ಟಿದೆ. ಕಂಪ್ರೆಸರ್ ನಿಮಿಷಕ್ಕೊಮ್ಮೆ ಶುರುವಾಗಿ ನಿಲ್ಲುತ್ತಿದ್ದರೆ ಕೂಡಲೇ ಬಂದ್ ಮಾಡಿ ಮೆಕ್ಯಾನಿಕ್ ಕರೆಯಿರಿ, ಅದನ್ನು ಹಾಗೇ ಓಡಿಸಿದರೆ ಮೋಟರ್ ಸುಡುತ್ತದೆ. ವರ್ಷಕ್ಕೆ ಎರಡು ಸಲ ಗ್ಯಾಸ್ ತುಂಬಿಸಿ ಹೋಗುವ ಮೆಕ್ಯಾನಿಕ್‌ಗೆ ಸೋರಿಕೆ ಹುಡುಕಲು ಹೇಳಿ. ಸೋರಿಕೆ ಇಲ್ಲದ ಮೆಷಿನ್‌ನಲ್ಲಿ ಗ್ಯಾಸ್ ಖರ್ಚಾಗುವುದಿಲ್ಲ.

ಒಳಗೆ ಹುಳಿ ವಾಸನೆ ಬಂದರೆ ಎಲ್ಲೋ ಒಂದು ಕ್ರೇಟ್ ಕೊಳೆತಿದೆ. ಅದೇ ದಿನ ಹುಡುಕಿ ತೆಗೆಯಿರಿ. ಬಾಗಿಲು ತುಂಬಾ ಹೊತ್ತು ಮುಚ್ಚಿದ್ದ ತುಂಬಿದ ಕೋಣೆಗೆ ಹೋಗುವ ಮುಂಚೆ ಒಂದೆರಡು ನಿಮಿಷ ಗಾಳಿ ಆಡಲು ಬಿಡಿ, ತರಕಾರಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ.

ಕಾಂಟ್ಯಾಕ್ಟರ್ (ಕಂಪ್ರೆಸರ್‌ಗೆ ಕರೆಂಟ್ ಕೊಡುವ ಸ್ವಿಚ್), ಫ್ಯಾನ್ ಮೋಟರ್, ಬಾಗಿಲ ಗ್ಯಾಸ್ಕೆಟ್, ಒಂದೊಂದು ಹೆಚ್ಚುವರಿ ಸ್ಟಾಕ್ ಇಟ್ಟುಕೊಳ್ಳಿ. ಭಾನುವಾರ ರಾತ್ರಿ ಕೆಟ್ಟರೆ ಬೆಂಗಳೂರಿನ ಎಸ್‌ಪಿ ರೋಡಿನ ಬಿಡಿಭಾಗದ ಅಂಗಡಿಗಳು ತೆರೆಯುವ ತನಕ ಕಾಯುವುದಕ್ಕಾಗುವುದಿಲ್ಲ.

ಮೊದಲ ವರ್ಷ ಪ್ರತಿದಿನ ನಾಲ್ಕು ಅಂಕಿ ಬರೆಯಿರಿ: ಕ್ರೇಟ್ ಎಷ್ಟು, ಯೂನಿಟ್ ಎಷ್ಟು ಓಡಿತು, ಬೆಳಗಿನ ಸರಕಿನ ತಾಪಮಾನ, ಎಸೆದ ಕಿಲೋ. ಕ್ರೇಟ್ ಅಷ್ಟೇ ಇದ್ದು ಯೂನಿಟ್ ಏರುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತ ಬಿಲ್ ಬರುವ ಮುಂಚೆಯೇ ಗೊತ್ತಾಗುತ್ತದೆ. ವರ್ಷ ಪೂರ್ತಿ ಮುಕ್ಕಾಲು ಭಾಗ ತುಂಬಿ, ಜಾಗ ಇಲ್ಲ ಅಂತ ಜನರನ್ನು ವಾಪಸ್ ಕಳಿಸಬೇಕಾಗಿ ಬಂದರೆ ಆಗ ಎರಡನೇ ಕೋಣೆ ಯೋಚಿಸಿ. ಇರುವುದನ್ನೇ ದೊಡ್ಡದು ಮಾಡಬೇಡಿ. ಪಕ್ಕದಲ್ಲಿ, ಬೇರೆ ತಾಪಮಾನದ, ಬೇರೆ ಮೆಷಿನ್ ಇರುವ ಇನ್ನೊಂದು ಸಣ್ಣ ಕೋಣೆ ಹಾಕಿ. ಮೊದಲನೆಯದರಲ್ಲಿ 8 ಡಿಗ್ರಿಗೆ ಬೀನ್ಸ್ ಇದ್ದರೆ ಇದರಲ್ಲಿ 2 ಡಿಗ್ರಿಗೆ ಕ್ಯಾರೆಟ್, ಬಟಾಣಿ ಇಡಬಹುದು. ಒಂದರ ಮೆಷಿನ್ ಕೆಟ್ಟ ರಾತ್ರಿ, ಅದರ ಸರಕಿಗೆ ಇನ್ನೊಂದರಲ್ಲಿ ಬೆಳಗಿನ ತನಕ ಜಾಗ ಇರುತ್ತದೆ.